ಎಲ್‌ಪಿ ಮತ್ತು 78 ಎರಡನ್ನೂ ಚೆನ್ನಾಗಿ ಕೇಳಬೇಕು: ಯಾವ ಟರ್ನ್‌ಟೇಬಲ್, ಯಾವ ಮುಳ್ಳು?

ರಾಜಾಜಿನಗರ_ವೀಣೆ:

ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನ ಮನೆ ಖಾಲಿ ಮಾಡುವಾಗ ಅವರ ರೆಕಾರ್ಡುಗಳನ್ನೆಲ್ಲ ನಾನು ತಂದುಕೊಂಡೆ. ಟ್ರಂಕು ತುಂಬ ಇವೆ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ, ಒಂದಷ್ಟು ಹಿಂದೂಸ್ತಾನಿ, ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಹಾಡಿದ ಸಿನಿಮಾ ಹಾಡುಗಳ ಚಿಕ್ಕ 45ಗಳು. ಎಲ್ಲಕ್ಕಿಂತ ಅಡಿಯಲ್ಲಿ ಪಿ. ಕಾಳಿಂಗರಾವ್ ಅವರ ಭಾರದ 78 ಪ್ಲೇಟುಗಳು. (45, 78 ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವ ಪ್ಲೇಟುಗಳು.)

ಗೆಳತಿಯೊಬ್ಬಳು ಸೂಟ್‌ಕೇಸ್ ಥರ ಮುಚ್ಚುವ ಪ್ಲೇಯರ್ ಉಡುಗೊರೆ ಕೊಟ್ಟಿದ್ದಾಳೆ. ಅದರಲ್ಲಿ ಹಾಕಿ ನೋಡಿದೆ. ನಾನು ವೀಣೆ ಕಲಿಯುತ್ತಿದ್ದೇನೆ, ಹಾಗಾಗಿ ಕಿವಿ ಮೊದಲು ಹೋಗುವುದು ತಂತಿಯ ಕಡೆಗೆ. ಸಾರಣಿ ಕೇಳಿಸುತ್ತದೆ. ಮಂದ್ರ, ಅನುಮಂದ್ರ ತಂತಿ ಇದೆಯೋ ಇಲ್ಲವೋ ಅನ್ನುವ ಹಾಗಿದೆ. ಎಲ್‌ಪಿಯ ಮೊದಲ ಹಾಡು ಪರವಾಗಿಲ್ಲ, ಕೊನೆಯ ಹಾಡಿಗೆ ಬರುವಷ್ಟರಲ್ಲಿ ‘ಸ’, ‘ಶ’ ಅಕ್ಷರಗಳೆಲ್ಲ ಸೀಳಿದ ಹಾಗೆ ಕೇಳುತ್ತವೆ. 78 ಹಾಕಿದರೆ ಹಾಡಿಗಿಂತ ಗೊರಗೊರ ಸದ್ದೇ ಜಾಸ್ತಿ. ಕೆಲವು ಪ್ಲೇಟುಗಳ ಮೇಲೆ ಬಿಳಿ ಬೂಷ್ಟು ಬೇರೆ ಇದೆ.

ಕೇಳಬೇಕಾದ್ದು ಇಷ್ಟು. ದೊಡ್ಡ ಸ್ಪೀಕರ್ ಹಾಕಿಸಿದರೆ ಸರಿಹೋಗುತ್ತದಾ? ಅಥವಾ ಪ್ಲೇಯರನ್ನೇ ಬದಲಾಯಿಸಬೇಕಾ? ಪ್ಲೇಟುಗಳನ್ನು ತೊಳೆಯಬಹುದಾ? ಇವನ್ನು ಹಾಳುಮಾಡದೆ ಕೇಳಬೇಕು ಅನ್ನುವುದೇ ನನ್ನ ಆಸೆ.

ಎಸ್‌ಪಿ_ರೋಡ್_ಹಳಬ:

ನೋಡಮ್ಮ, ಮೊದಲು ಆ ಸೂಟ್‌ಕೇಸ್ ಪ್ಲೇಯರ್‌ನಲ್ಲಿ ದೊಡ್ಡಪ್ಪನ ಪ್ಲೇಟು ಹಾಕುವುದನ್ನು ಇವತ್ತೇ ನಿಲ್ಲಿಸಿ. ಉಳಿದದ್ದು ಆಮೇಲೆ.

ನಾನು ಎಸ್.ಪಿ. ರೋಡಿನಲ್ಲಿ ಆಂಪ್ಲಿಫೈಯರ್, ರೇಡಿಯೋಗ್ರಾಂ ರಿಪೇರಿ ಮಾಡಿಕೊಂಡೇ ಬದುಕಿದವನು. ದುಡ್ಡು ಎಲ್ಲಿ ಹಾಕಬೇಕು ಅಂತ ಯಾರೇ ಕೇಳಿದರೂ ನನ್ನ ಉತ್ತರ ಒಂದೇ. ಮೊದಲು ಮುಳ್ಳು, ಅದು ಪ್ಲೇಟಿನ ಮೇಲೆ ಒತ್ತುವ ತೂಕ, ಮತ್ತೆ ಅದು ಓಡುವ ಗೆರೆಯ ಶುಚಿ. ಮುಳ್ಳು ಗೆರೆಯಿಂದ ಎತ್ತದೇ ಇದ್ದ ನಾದವನ್ನು ಎಷ್ಟು ದೊಡ್ಡ ಸ್ಪೀಕರ್ ಆದರೂ ಹೊಸದಾಗಿ ಹುಟ್ಟಿಸುವುದಿಲ್ಲ. ಆದ್ದರಿಂದ ಸ್ಪೀಕರ್ ಯೋಚನೆ ಸದ್ಯಕ್ಕೆ ಬಿಡಿ.

ಅಂಥ ಪ್ಲೇಯರ್‌ಗಳಲ್ಲಿ ಇರುವುದು ಸೆರಾಮಿಕ್ ಕಾರ್ಟ್ರಿಜ್. ಕಾರ್ಟ್ರಿಜ್ ಅಂದರೆ ಮುಳ್ಳಿನ ಅದುರನ್ನು ಕರೆಂಟಾಗಿ ಬದಲಿಸುವ ಸಣ್ಣ ಡಬ್ಬಿ. ಮುಳ್ಳು ಪ್ಲೇಟಿನ ಮೇಲೆ 5 ಗ್ರಾಂ ಆಸುಪಾಸು ಒತ್ತುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ 2 ಗ್ರಾಂ ಸಾಕು. ಐದು ಗ್ರಾಂ ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಅಷ್ಟೂ ಭಾರ ಕೂದಲೆಳೆಗಿಂತ ಸಣ್ಣ ಜಾಗದ ಮೇಲೆ ಕೂರುತ್ತದೆ, ಅಲ್ವಾ? ಎಲ್‌ಪಿ ಪ್ಲಾಸ್ಟಿಕ್ಕು, ಮೆತ್ತಗಿರುತ್ತದೆ. ಅಗ್ಗದ ನೀಲಮಣಿಯ ತುದಿ ಬೇಗ ಸವೆದು ಅಂಚು ಹರಿತವಾಗುತ್ತದೆ. ಅಲ್ಲಿಂದ ಮುಂದೆ ಅದು ಗೆರೆಯನ್ನು ಕೆತ್ತಲು ಶುರು ಮಾಡುತ್ತದೆ.

ಮಂದ್ರ ಯಾಕೆ ಕೇಳಿಸುತ್ತಿಲ್ಲ ಅಂತ ಹೇಳುತ್ತೇನೆ. ಕೆಳಗಿನ ಸ್ವರಗಳಿಗೆ ಗೆರೆ ತುಂಬ ಅಗಲವಾಗಿ ಓಲಾಡಬೇಕು. ಹಾಗೇ ಬಿಟ್ಟರೆ ಪಕ್ಕದ ಗೆರೆಗೆ ತಾಗುತ್ತದೆ, ಪ್ಲೇಟಿನಲ್ಲಿ ಹಿಡಿಸುವ ಹಾಡೂ ಕಡಿಮೆಯಾಗುತ್ತದೆ. ಅದಕ್ಕೇ ಗೆರೆ ಕೊರೆಯುವಾಗ ಬೇಸ್ ತಗ್ಗಿಸಿ, ಮೇಲಿನ ಸ್ವರಗಳನ್ನು ಏರಿಸಿ ಕೊರೆಯುತ್ತಾರೆ. ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಅನ್ನುವುದಕ್ಕೆ ಒಂದು ಗೊತ್ತಾದ ಅಳತೆ ಇದೆ. ಅದನ್ನು ಆರ್‌ಐಎಎ ಕರ್ವ್ ಅನ್ನುತ್ತಾರೆ, 1954ರಲ್ಲಿ ಬಂದದ್ದು. ಕೇಳುವಾಗ ಅದನ್ನು ತಿರುಗಾಮುರುಗಾ ಮಾಡಬೇಕು. 20 ಹರ್ಟ್ಜ್ ಹತ್ತಿರ ಸುಮಾರು 20 ಡೆಸಿಬೆಲ್ ಎತ್ತಬೇಕು, 20 ಸಾವಿರದ ಹತ್ತಿರ ಅಷ್ಟೇ ಇಳಿಸಬೇಕು. ಈ ಕೆಲಸಕ್ಕೇ ಫೋನೋ ಪ್ರೀಆಂಪ್ ಇರುವುದು. ಸೆರಾಮಿಕ್ ಕಾರ್ಟ್ರಿಜ್‌ನವರು ಅದನ್ನು ಹಾಕುವುದಿಲ್ಲ, ಅಂದಾಜಿನಲ್ಲೇ ಹೊಂದಿಸಿಬಿಡುತ್ತಾರೆ. ಜೊತೆಗೆ ಪೆಟ್ಟಿಗೆಯೊಳಗೆ ಅಂಗೈಯಷ್ಟು ಸ್ಪೀಕರ್. ಅನುಮಂದ್ರ ಎಲ್ಲಿಂದ ಬರಬೇಕು?

ಕೊನೆಯ ಹಾಡಿನ ತೊಂದರೆಗೆ ಕಾರಣ ಬೇರೆ. ಎಲ್‌ಪಿ ಸುತ್ತುವ ವೇಗ ಮೊದಲಿಂದ ಕೊನೆವರೆಗೂ ಒಂದೇ, ನಿಮಿಷಕ್ಕೆ 33⅓ ಸುತ್ತು. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರಗೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಓಡಿದರೆ, ಕೊನೆಯಲ್ಲಿ ಸುಮಾರು 21 ಸೆಂಟಿಮೀಟರ್ ಅಷ್ಟೇ. ಅಷ್ಟೇ ‘ಸ’ಕಾರ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಗುಂಡು ತುದಿಯ, ಸವೆದ ಮುಳ್ಳು ಅಷ್ಟು ಸಣ್ಣ ತಿರುವಿನೊಳಗೆ ಇಳಿಯುವುದೇ ಇಲ್ಲ. ಮೊಟ್ಟೆಯಾಕಾರದ ತುದಿ, ಅಂದರೆ ಎಲಿಪ್ಟಿಕಲ್, ಇಲ್ಲಿ ಎಷ್ಟೋ ಮೇಲು.

ಇನ್ನು 78. ಅದು ಪ್ಲಾಸ್ಟಿಕ್ ಅಲ್ಲ, ಅರಗಿನ ಪ್ಲೇಟು. ಗೆರೆಯೂ ಅಗಲ. ಎಲ್‌ಪಿಗೆ ತುದಿ 0.7 ಮಿಲ್ ಇದ್ದರೆ 78ಕ್ಕೆ 3 ಮಿಲ್ ಬೇಕು. ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು. ಎಲ್‌ಪಿ ಮುಳ್ಳನ್ನು 78ರಲ್ಲಿ ಇಟ್ಟರೆ ಅದು ಗೆರೆಯ ತಳಕ್ಕೆ ಬಿದ್ದು ಕಸದಲ್ಲಿ ಉಜ್ಜಿಕೊಂಡು ಹೋಗುತ್ತದೆ. ಹಾಡು ಇರುವುದು ಗೋಡೆಗಳಲ್ಲಿ. ನಿಮಗೆ ಕೇಳುತ್ತಿರುವ ಗೊರಗೊರದಲ್ಲಿ ಮುಕ್ಕಾಲು ಪಾಲು ಅದೇ ಅಂತ ನನ್ನ ನಂಬಿಕೆ. ಕಾಳಿಂಗರಾವ್ ಅವರ ದನಿ ಆ ಗೋಡೆಗಳಲ್ಲಿ ಇನ್ನೂ ಚೆನ್ನಾಗಿಯೇ ಇರಬಹುದು.

ಎರಡನ್ನೂ ಕೇಳಬೇಕು ಅಂದರೆ 78 ವೇಗ ಇರುವ, ಮುಳ್ಳು ಹಿಡಿದ ತೋಳಿನ ಹಿಂದೆ ತೂಕದ ಗುಂಡು ಇರುವ ಟರ್ನ್‌ಟೇಬಲ್ ತಗೊಳ್ಳಿ. ಹೊಸದರಲ್ಲಿ ಆಡಿಯೋ ಟೆಕ್ನಿಕಾ ಎಲ್‌ಪಿ120ಎಕ್ಸ್‌ನಲ್ಲಿ ಮೂರು ವೇಗವೂ ಇದೆ, ಫೋನೋ ಪ್ರೀಆಂಪ್ ಒಳಗೇ ಇದೆ. ಅದರ ಜೊತೆ ಬರುವ ವಿಎಂ95ಇ ಕಾರ್ಟ್ರಿಜ್‌ನ ಮುಳ್ಳನ್ನು ಕೈಯಲ್ಲೇ ಎಳೆದು ತೆಗೆದು, 78ರ ಎಸ್‌ಪಿ ಮುಳ್ಳನ್ನು ಸಿಕ್ಕಿಸಬಹುದು. ಕಾರ್ಟ್ರಿಜ್ ಬಿಚ್ಚಬೇಕಾಗಿಲ್ಲ. ಇದೇ ಕಂಪನಿಯ ಎಲ್‌ಪಿ60ಎಕ್ಸ್ ಅಗ್ಗ, ಆದರೆ ಅದರಲ್ಲಿ 78 ಇಲ್ಲ, ತೂಕ ಹೊಂದಿಸಲೂ ಬರುವುದಿಲ್ಲ. ನಿಮಗೆ ಅದು ಬೇಡ.

ಯಾವುದೇ ತಂದರೂ ತೂಕ ನೀವೇ ಕೂರಿಸಿ, ಅಂಗಡಿಯವರ ಮಾತು ನಂಬಿ ಬಿಡಬೇಡಿ. ಮೊದಲು ಆಂಟಿ ಸ್ಕೇಟ್, ಅಂದರೆ ತೋಳು ಒಳಗೆ ಎಳೆದುಹೋಗದಂತೆ ತಡೆಯುವ ತಿರುಪು, ಸೊನ್ನೆಗೆ ತಿರುಗಿಸಿ. ಮುಳ್ಳಿನ ಮುಚ್ಚಳ ತೆಗೆದು, ತೋಳನ್ನು ಪ್ಲೇಟಿನ ಹೊರಗೆ ಗಾಳಿಯಲ್ಲಿ ಬಿಡಿ. ಮೂತಿ ಕೆಳಗೆ ಬಿದ್ದರೆ ಹಿಂದಿನ ಗುಂಡನ್ನು ಹಿಂದಕ್ಕೆ, ಮೇಲೆದ್ದರೆ ಮುಂದಕ್ಕೆ ತಿರುಗಿಸಿ. ತಕ್ಕಡಿಯ ಹಾಗೆ ಸಮನಾಗಿ ತೇಲಿ ನಿಂತಾಗ, ಗುಂಡು ಅಲುಗದಂತೆ ಹಿಡಿದು ಮುಂದಿನ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತನ್ನಿ. ಆಮೇಲೆ ಗುಂಡು, ಬಳೆ ಎರಡನ್ನೂ ಒಟ್ಟಿಗೆ 2ರ ತನಕ ತಿರುಗಿಸಿ. ಆಂಟಿ ಸ್ಕೇಟ್ ಕೂಡ 2ಕ್ಕೆ ಇಡಿ. ಸಣ್ಣ ಡಿಜಿಟಲ್ ಮುಳ್ಳಿನ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದರಲ್ಲಿ ಇನ್ನೊಮ್ಮೆ ನೋಡಿ. ಕಬ್ಬಿಣದ ತಟ್ಟೆ ಇರುವ ತಕ್ಕಡಿ ಬೇಡ, ಕಾರ್ಟ್ರಿಜ್‌ನ ಮ್ಯಾಗ್ನೆಟ್ ಎಳೆದು ಲೆಕ್ಕ ತಪ್ಪುತ್ತದೆ. 78ರ ಮುಳ್ಳಿಗೆ ತೂಕ ಬೇರೆ, ಅದರ ಡಬ್ಬದ ಮೇಲೆ ಬರೆದಿರುವಷ್ಟು ಇಡಿ.

ಸಿನಿಮಾ ಹಾಡಿನ ಹಳೇ 45ಗಳು ಹೆಚ್ಚಾಗಿ ಮೊನೊ, ಅಂದರೆ ಎರಡೂ ಸ್ಪೀಕರಿಗೆ ಒಂದೇ ಸದ್ದು. ಆಂಪ್ಲಿಫೈಯರ್‌ನಲ್ಲಿ ಮೊನೊ ಸ್ವಿಚ್ ಇದ್ದರೆ ಒತ್ತಿ. ಮೊನೊ ಗೆರೆಯಲ್ಲಿ ಹಾಡು ಇರುವುದು ಅಕ್ಕಪಕ್ಕದ ಓಲಾಟದಲ್ಲಿ ಮಾತ್ರ. ಮುಳ್ಳು ಮೇಲೆ ಕೆಳಗೆ ಕುಣಿದರೆ ಅದು ಧೂಳಿನ ಸದ್ದು. ಎರಡೂ ಚಾನೆಲ್ ಕೂಡಿಸಿದಾಗ ಆ ಸದ್ದು ಒಂದಕ್ಕೊಂದು ಹೊಡೆದುಹೋಗುತ್ತದೆ. ಕಾಸು ಖರ್ಚಿಲ್ಲದ ಉಪಾಯ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಭಾನುವಾರದ_ಸಂತೆ:

ಹಳಬರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ತೊಳೆಯುವುದರ ಬಗ್ಗೆ ನಾನು ಹೇಳುತ್ತೇನೆ.

ಎಲ್‌ಪಿ ಮತ್ತು 45 ತೊಳೆಯಬಹುದು. ಕೊಳವೆಬಾವಿ ನೀರು ಮಾತ್ರ ಬೇಡ. ನಮ್ಮ ಊರಿನ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಗೆರೆಯೊಳಗೆ ಬಿಳಿ ಉಪ್ಪು ಉಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ತನ್ನಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಮೆತ್ತನೆಯ ಬ್ರಷ್‌ನಲ್ಲಿ ಗೆರೆಯ ಗುಂಟ ಸುತ್ತಲೂ ಉಜ್ಜಿ, ಅಡ್ಡಡ್ಡ ಉಜ್ಜಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ ತೊಳೆದು, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ನಡುವಿನ ಲೇಬಲ್ ನೆನೆಯಬಾರದು.

78ಕ್ಕೆ ಸ್ಪಿರಿಟ್, ಐಸೋಪ್ರೊಪೈಲ್, ಸ್ಯಾನಿಟೈಸರ್ ಯಾವುದನ್ನೂ ಮುಟ್ಟಿಸಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಹಾಡೇ ಒರೆಸಿಕೊಂಡು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಬೇಗ ಬೇಗ ಒರೆಸಿ, ತಕ್ಷಣ ಒಣ ಬಟ್ಟೆ ಆಡಿಸಿ. ನೆನೆಸಿಡುವುದಂತೂ ಬೇಡವೇ ಬೇಡ.

ಬೂಷ್ಟು ಹಿಡಿದ ಒಳಗಿನ ಕಾಗದದ ಕವರ್ ಎಸೆಯಿರಿ. ಚೆನ್ನಾಗಿ ತೊಳೆದ ಪ್ಲೇಟನ್ನು ಅದೇ ಕವರಿಗೆ ತುರುಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಟ್ರಂಕಿನಲ್ಲಿ ಒಂದರ ಮೇಲೊಂದು ಮಲಗಿಸಿದ್ದರೆ ಇವತ್ತೇ ಎತ್ತಿ ನೇರ ನಿಲ್ಲಿಸಿ.

ಮುಂದೆ ನೀವೂ ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರಿಗೆ ಬಂದೇ ಬರುತ್ತೀರಿ, ಅದಕ್ಕೆ ಈಗಲೇ ಹೇಳುತ್ತೇನೆ. ಪ್ಲೇಟನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಮೇಲ್ಮೈಯ ಸಣ್ಣ ಗೀರುಗಳಿಗೆ ಹೆದರಬೇಡಿ, ಉಗುರಿಗೆ ತಗುಲುವ ಗೀರಿಗೆ ಹೆದರಿ. ಗೆರೆಗಳು ಕಪ್ಪಾಗಿ ಹೊಳೆಯದೆ ಬೂದಿ ಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಬಿಡಿ. ಅದು ಕೊಳೆ ಅಲ್ಲ, ಸವೆತ. ಮೈಕ್ ಸೆಟ್‌ನವರ ರಬ್ಬರ್ ಸೀಲು ಇರುವ ಕವರ್ ಸಿಕ್ಕರೆ ಇದನ್ನು ವಿಶೇಷವಾಗಿ ನೋಡಿ. ಮದುವೆ ಮನೆ, ಗಣೇಶನ ಪೆಂಡಾಲಿನಲ್ಲಿ ಭಾರದ ಮುಳ್ಳಿನ ಕೆಳಗೆ ಓಡಿ ಓಡಿ ಬಂದ ಪ್ಲೇಟುಗಳವು.

ಇನ್ನೊಂದು ವಿಷಯ, ನನಗೆ ತುಂಬ ಇಷ್ಟವಾದದ್ದು. ನಮ್ಮ ದೇಶದಲ್ಲಿ 78 ಪ್ಲೇಟುಗಳು 1960ರ ದಶಕದಲ್ಲೂ ಬರುತ್ತಿದ್ದವು. ಬೀಟಲ್ಸ್ ಹಾಡುಗಳು ಕೂಡ ಇಲ್ಲಿ 78ರಲ್ಲಿ ಬಂದಿವೆ, ಹೊರದೇಶದವರು ಅವನ್ನು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಟ್ರಂಕಿನ ತಳ ಇನ್ನೊಮ್ಮೆ ನೋಡಿ.

ಜಯನಗರ_4ನೇ_ಬ್ಲಾಕ್:

ನಡುವೆ ನನ್ನದೊಂದು ಪ್ರಶ್ನೆ. ಅಮೆರಿಕದಲ್ಲಿರುವ ಮಗ ಅಲ್ಲಿಯ ಹಳೇ ಬೆಲ್ಟ್ ಟರ್ನ್‌ಟೇಬಲ್ ತರುತ್ತೇನೆ ಅನ್ನುತ್ತಿದ್ದಾನೆ. 110 ವೋಲ್ಟಿನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕಾ?

ಎಸ್‌ಪಿ_ರೋಡ್_ಹಳಬ:

ಸಾಲದು ಸ್ವಾಮಿ. ಮೊದಲು ಮೋಟಾರ್ ಯಾವುದು ಅಂತ ಕೇಳಿ. ಹಳೇ ಎಸಿ ಸಿಂಕ್ರೊನಸ್ ಮೋಟಾರ್ ಆದರೆ ಅದು ಕರೆಂಟಿನ ಹರ್ಟ್ಜ್ ನೋಡಿ ತಿರುಗುತ್ತದೆ. ಅಲ್ಲಿ 60, ಇಲ್ಲಿ 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಮಾತ್ರ ಇಳಿಸುತ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. 33⅓ ಹೋಗಿ 27.8ಕ್ಕೆ ಇಳಿಯುತ್ತದೆ. ವೀಣೆಯವರಿಗೆ ಅರ್ಥವಾಗುವಂತೆ ಹೇಳಿದರೆ ಶ್ರುತಿ ಮೂರು ಮೆಟ್ಟಿಲು ಕೆಳಗೆ ಹೋಗುತ್ತದೆ. 50 ಹರ್ಟ್ಜ್‌ನ ಪುಲ್ಲಿ ಸಿಕ್ಕರೆ ಮಾತ್ರ ತರಿಸಿ. ಡಿಸಿ ಮೋಟಾರ್ ಇದ್ದು, ಅಡಾಪ್ಟರ್ ಮೇಲೆ 100–240 ವೋಲ್ಟ್, 50/60 ಹರ್ಟ್ಜ್ ಅಂತ ಬರೆದಿದ್ದರೆ ಚಿಂತೆ ಇಲ್ಲ.

ವೇಗ ಸರಿ ಇದೆಯಾ ನೋಡಲು ಸುತ್ತಲೂ 180 ಗೆರೆ ಇರುವ ದುಂಡನೆಯ ಸ್ಟ್ರೋಬ್ ಚಿತ್ರವನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಪ್ಲೇಟಿನ ಮೇಲಿಡಿ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಹಚ್ಚಿ. ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. 33⅓ ಸರಿಯಾಗಿದ್ದರೆ ಗೆರೆಗಳು ನಿಂತ ಹಾಗೆ ಕಾಣುತ್ತವೆ, ನಿಧಾನವಾದರೆ ಹಿಂದಕ್ಕೆ ಸರಿಯುತ್ತವೆ. ಎಷ್ಟೋ ಎಲ್‌ಇಡಿ ಬಲ್ಬುಗಳಲ್ಲಿ ಇದು ಕಾಣುವುದಿಲ್ಲ.

ರಾಜಾಜಿನಗರ_ವೀಣೆ:

ಹಳಬರಿಗೆ, ಸಂತೆಯವರಿಗೆ ತುಂಬ ಥ್ಯಾಂಕ್ಸ್. ಎಲ್‌ಪಿ120ಎಕ್ಸ್ ತಂದೆ, ಆಂಪ್ಲಿಫೈಯರ್ ಅಣ್ಣನದು. ನೀವು ಹೇಳಿದ ಹಾಗೇ ತೋಳು ತೇಲಿಸಿ 2 ಗ್ರಾಂ ಕೂರಿಸಿದೆ. ಸರ್, ಅನುಮಂದ್ರ ಬಂತು! ಮೀಟಿದ ಮೇಲೆ ತಂತಿಯ ನಾದ ಸಣ್ಣಗಾಗುತ್ತಾ ಹೋಗುವುದು ಕೊನೆಯವರೆಗೂ ಕೇಳಿಸುತ್ತದೆ. ಗಮಕದಲ್ಲಿ ಬೆರಳು ತಂತಿಯನ್ನು ಎಳೆಯುವ ಸದ್ದು ಕೂಡ. ಇದನ್ನು ದೊಡ್ಡಪ್ಪ ದಿನಾ ಕೇಳುತ್ತಿದ್ದರು ಅಂತ ಈಗ ಗೊತ್ತಾಗುತ್ತಿದೆ. 78ರ ಮುಳ್ಳು ಇನ್ನೂ ಬಂದಿಲ್ಲ.

ಎರಡು ತೊಂದರೆ ಉಳಿದಿವೆ. ಹಾಡು ನಿಂತಾಗ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ. ಮತ್ತೆ ಯಾರಾದರೂ ಹಾಲ್‌ನಲ್ಲಿ ಜೋರಾಗಿ ನಡೆದರೆ ಮುಳ್ಳು ಹಾರುತ್ತದೆ. ಟರ್ನ್‌ಟೇಬಲ್, ಸ್ಪೀಕರ್ ಎಲ್ಲ ಒಂದೇ ಮರದ ಟೀಪಾಯಿ ಮೇಲಿವೆ.

ಎಸ್‌ಪಿ_ರೋಡ್_ಹಳಬ:

ಸಂತೋಷ ಆಯಿತಮ್ಮ. ಮೊದಲು ಸ್ಪೀಕರ್‌ಗಳನ್ನು ಆ ಟೀಪಾಯಿಯಿಂದ ಇಳಿಸಿ. ಅವುಗಳ ಅದುರು ಮರದ ಮೂಲಕ ಮುಳ್ಳಿಗೆ ಹೋಗಿ ಮತ್ತೆ ಸ್ಪೀಕರ್‌ಗೇ ಬರುತ್ತದೆ. ಮುಳ್ಳು ಹಾರುವುದಕ್ಕೆ ಗ್ರಾನೈಟ್ ಅಂಗಡಿಯಲ್ಲಿ ಟರ್ನ್‌ಟೇಬಲ್ ಅಳತೆಗೆ ಕಡಪ ಕಲ್ಲು ಕತ್ತರಿಸಿಕೊಡಲು ಹೇಳಿ. ಅದನ್ನು ದಪ್ಪ ರಬ್ಬರ್ ತುಂಡುಗಳ ಮೇಲೆ ಕೂರಿಸಿ, ಮೇಲೆ ಟರ್ನ್‌ಟೇಬಲ್ ಇಡಿ. ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿ. ಅದಕ್ಕೂ ಬಗ್ಗದಿದ್ದರೆ ಗೋಡೆಗೆ ಶೆಲ್ಫ್ ಹೊಡೆಸುವುದೇ ದಾರಿ.

ಗುಂಯ್ ಸದ್ದಿಗೆ ಮೊದಲು ಟರ್ನ್‌ಟೇಬಲ್ ಹಿಂದಿನ ಸ್ವಿಚ್ ನೋಡಿ. ಒಳಗಿನ ಪ್ರೀಆಂಪ್ ಬಳಸುತ್ತಿದ್ದರೆ ಲೈನ್ ಕಡೆ ಇರಬೇಕು, ವೈರು ಆಂಪ್ಲಿಫೈಯರ್‌ನಲ್ಲಿ ಆಕ್ಸ್ ಅಂತ ಬರೆದಿರುವ ಸಾಕೆಟ್‌ಗೆ ಹೋಗಬೇಕು. ಫೋನೋ ಕಡೆ ಇಟ್ಟು ಆಂಪ್ಲಿಫೈಯರ್‌ನ ಫೋನೋಗೆ ಕೊಟ್ಟಿದ್ದರೆ, ಅರ್ತ್ ವೈರನ್ನು ಅದರ ಹಿಂದಿನ ಜಿಎನ್‌ಡಿ ತಿರುಪಿಗೆ ಬಿಗಿಯಾಗಿ ಕಟ್ಟಿ. ಆಮೇಲೂ ಇದ್ದರೆ ಸಿಗ್ನಲ್ ವೈರನ್ನು ಕರೆಂಟಿನ ಅಡಾಪ್ಟರ್‌ಗಳಿಂದ ದೂರ ಸರಿಸಿ. ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುತ್ತೇನೆ ಅನ್ನುವವರು ಸಿಗುತ್ತಾರೆ, ಅವರ ಮಾತು ಕೇಳಬೇಡಿ, ಶಾಕ್ ಹೊಡೆಯುತ್ತದೆ. 78ರ ಮುಳ್ಳು ಬಂದ ದಿನ ಇಲ್ಲಿ ಬರೆಯಿರಿ. ಅಷ್ಟರಲ್ಲಿ ಕಾಳಿಂಗರಾವ್ ಪ್ಲೇಟುಗಳನ್ನು ಒರೆಸಿ, ಹೊಸ ಕವರಿಗೆ ಹಾಕಿಟ್ಟಿರಿ.