ಫಾಕ್ಸ್‌ಪ್ರೊದಲ್ಲಿರೋ ಮಂಡಿ ಲೆಕ್ಕ: ಯಜಮಾನರಿಗೆ ಏನಂತ ಹೇಳಲಿ?

ಮಂಡಿ_ಲೆಕ್ಕ:
ಸಾಗರದಲ್ಲಿ ಒಂದು ಅಡಿಕೆ ಮಂಡಿಯ ಲೆಕ್ಕ ಬರೀತೀನಿ. ರೈತರ ಖಾತೆ, ಮುಂಗಡ, ರಾಶಿ, ಚಾಲಿ, ಗೋಟು ಹೀಗೆ ಅಡಿಕೆಯ ಬಗೆಗಳ ತೂಕ ಎಲ್ಲಾ ವಿಷುಯಲ್ ಫಾಕ್ಸ್‌ಪ್ರೊ 9ರಲ್ಲಿ (ಮೈಕ್ರೋಸಾಫ್ಟಿನ ಹಳೇ ಡೇಟಾಬೇಸ್ ಸಾಫ್ಟ್‌ವೇರ್) ಮಾಡಿಸಿದ ಪ್ರೋಗ್ರಾಂನಲ್ಲಿದೆ. ಮಾಡಿಕೊಟ್ಟವರು ಈ ಕೆಲಸ ಬಿಟ್ಟು ತೋಟ ನೋಡಿಕೊಳ್ತಿದ್ದಾರೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತ ಮೇಲೆ ಹೊಸ ಕಂಪ್ಯೂಟರ್ ತರೋ ಮಾತು ಬಂದಿದೆ. ಪ್ರೋಗ್ರಾಮನ್ನೂ ಬದಲಿಸೋಣ ಅಂದರೆ ಯಜಮಾನರು "ನಡೀತಾ ಇರೋದನ್ನ ಯಾಕೆ ಕೆದಕ್ತೀಯ" ಅಂತಾರೆ. ವಿಂಡೋಸ್ 11ರಲ್ಲಿ ನಿಂತೇ ಹೋಗುತ್ತೆ ಅಂತ ಹೇಳಿಬಿಡಲಾ?

ಹಳೇ_ಡಿಬಿಎಫ್:
ಬೇಡ ಮಾರಾಯ್ರೆ, ಅದು ನಿಜ ಅಲ್ಲ. ಫಾಕ್ಸ್‌ಪ್ರೊ 9 ಅನ್ನೋದು 32 ಬಿಟ್ ಪ್ರೋಗ್ರಾಂ, ವಿಂಡೋಸ್ 11ರಲ್ಲೂ ಸಾಮಾನ್ಯವಾಗಿ ಓಡುತ್ತೆ. ಓಡದೇ ಇರೋದು ಡಾಸ್ ಕಾಲದ ಫಾಕ್ಸ್‌ಪ್ರೊ 2.6. ಹೊಸ ಮಷಿನ್‌ನಲ್ಲಿ ನಿಮ್ಮ ಪ್ರೋಗ್ರಾಂ ಓಡಿಬಿಟ್ಟರೆ ಯಜಮಾನರು ನಿಮ್ಮ ಮಿಕ್ಕ ಮಾತನ್ನೂ ನಂಬಲ್ಲ.

ಬದಲಿಸೋಕೆ ನಿಜವಾದ ಕಾರಣ ಇರೋದು ಡೇಟಾದಲ್ಲಿ. ಡೇಟಾ ಫೋಲ್ಡರಿನ ನಕಲು ಮಾಡಿಕೊಳ್ಳಿ. ಖಾತೆಯ ಡಿಬಿಎಫ್ ಫೈಲನ್ನ (ಫಾಕ್ಸ್‌ಪ್ರೊ ಡೇಟಾ ಇಡೋ ಫೈಲು) ಲಿಬ್ರೆಆಫೀಸ್ ಅನ್ನೋ ಉಚಿತ ಆಫೀಸ್ ಸಾಫ್ಟ್‌ವೇರ್‌ನಲ್ಲಿ ತೆರೆದು, ಯಜಮಾನರ ಎದುರಿಗೇ ಯಾರದಾದರೂ ಬಾಕಿ ತಿದ್ದಿ ತೋರಿಸಿ. ಪಾಸ್‌ವರ್ಡ್ ಕೇಳಲ್ಲ, ಯಾರು ತಿದ್ದಿದ್ದು ಅನ್ನೋ ಗುರುತೂ ಉಳಿಯಲ್ಲ. ಮುಂಬಾಗಿಲಿಗೆ ಬೀಗ, ಹಿತ್ತಿಲು ತೆರೆದಿದೆ. ರೈತರ ದುಡ್ಡಿನ ಲೆಕ್ಕ ಹಾಗಿರಬಾರದು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆದರೆ ಕಾನೂನೂ ಇದೆ: 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್ ಪ್ರತಿಯೊಂದು ತಿದ್ದುಪಡಿಯ ದಾಖಲೆ ಇಡಲೇಬೇಕು, ಅದನ್ನ ಆಫ್ ಮಾಡೋಕೆ ಬರಬಾರದು. ಬಿಡಿ ಡಿಬಿಎಫ್ ಫೈಲುಗಳ ಮೇಲೆ ಅದನ್ನ ಗಟ್ಟಿಯಾಗಿ ಕಟ್ಟೋಕೆ ಆಗಲ್ಲ.

ಕರೆಂಟ್ ಹೋಗಿ ಇಂಡೆಕ್ಸ್ (ದಾಖಲೆ ಹುಡುಕೋಕೆ ಇರೋ ಸೂಚಿ) ಕೆಡೋದು ಮಳೆಗಾಲದಲ್ಲಿ ನಿಮಗೇ ಗೊತ್ತಿರುತ್ತೆ. ಫಾಕ್ಸ್‌ಪ್ರೊಗೆ ಮುಂದಿನ ಆವೃತ್ತಿ ಬರಲ್ಲ ಅಂತ ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತ್ತು, 2015ರ ಜನವರಿಗೆ ಬೆಂಬಲವೂ ಮುಗೀತು. ಫಾಕ್ಸ್‌ಪ್ರೊದಲ್ಲೇ ಅನ್ನ ತಿಂದವನು ನಾನು. ಅದರ ವೇಗದ ಮೇಲೆ ಇವತ್ತಿಗೂ ಗೌರವ ಇದೆ, ಆದರೂ ಬಿಡಿ ಅಂತಲೇ ಹೇಳೋದು.

ಮಂಡಿ_ಲೆಕ್ಕ:
ಪ್ರೈವೇಟ್ ಲಿಮಿಟೆಡ್ಡೇ ಸರ್. ಹೆಸರುಗಳೆಲ್ಲ ನುಡಿ ಫಾಂಟಿನಲ್ಲಿವೆ, ಅವುಗಳ ಗತಿ?

ಒತ್ತಕ್ಷರ:
ಬದಲಿಸೋಕೆ ಅದೂ ಒಂದು ಕಾರಣ. ಹಳೇ ನುಡಿ ಫಾಂಟಿನಲ್ಲಿ ಕೂತಿರೋದು ಅಕ್ಷರದ ತುಂಡುಗಳ ಸಂಕೇತ. ಫಾಂಟ್ ತೆಗೆದರೆ ಓದೋಕೆ ಬರಲ್ಲ, ಅಕಾರಾದಿಯಲ್ಲೂ ಸರಿಯಾಗಿ ಜೋಡಣೆ ಆಗಲ್ಲ. ಫಾಕ್ಸ್‌ಪ್ರೊಗೆ ಯೂನಿಕೋಡ್ (ಎಲ್ಲಾ ಕಡೆ ಒಂದೇ ಆಗಿರೋ ಅಕ್ಷರ ಸಂಕೇತ) ಬರಲ್ಲ. ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಕಗಳು ಸಿಗುತ್ತವೆ, ಆದರೆ ಅರ್ಕಾವತ್ತು ನುಡಿಯಲ್ಲಿ ವ್ಯಂಜನದ ನಂತರ ಬರುತ್ತೆ, ಯೂನಿಕೋಡ್‌ನಲ್ಲಿ ಅದೇ ರಕಾರ ಮೊದಲು ಬರಬೇಕು. ಧರ್ಮಪ್ಪ, ಪಾರ್ವತಮ್ಮ, ಶಂಕರಮೂರ್ತಿ ಇಂಥ ಹೆಸರುಗಳನ್ನ ಮೊದಲು ಪರೀಕ್ಷಿಸಿ. ಡಿಬಿಎಫ್‌ನಲ್ಲಿ ಅಂಕಣದ ಅಗಲ ನಿಗದಿ, ಉದ್ದ ಹೆಸರಿನ ಕೊನೆ ಕತ್ತರಿಸಿ ಹೋಗಿರಬಹುದು. ಅಂಥವನ್ನ ಪಹಣಿ ಇಟ್ಟುಕೊಂಡು ಕೈಯಾರೆ ತಿದ್ದಿ.

ಹಳೇ_ಡಿಬಿಎಫ್:
ಕಂಪ್ಯೂಟರ್ ಕೊಳ್ಳೋ ಮೊದಲೇ ಆ ತೋಟದವರ ಮನೆಗೆ ಹೋಗಿ ಬನ್ನಿ. ಪಿಆರ್‌ಜಿ ಫೈಲುಗಳು, ಅಂದರೆ ಮೂಲ ಪ್ರೋಗ್ರಾಂ, ಅವರ ಹತ್ತಿರ ಇದೆಯಾ ಕೇಳಿ. ಮುಂಗಡದ ಮೇಲೆ ಬಡ್ಡಿ ಯಾವ ತಾರೀಖಿನಿಂದ ಹಿಡೀತಾರೆ, ಪೈಸೆ ಹೇಗೆ ಬಿಡ್ತಾರೆ, ತೇವಕ್ಕೆ ಎಷ್ಟು ಕಡಿತ ಅನ್ನೋದೆಲ್ಲ ಬರೆದಿರೋದು ಅದರೊಳಗೆ. ಅದು ಸಿಗದಿದ್ದರೆ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಮಾರ್ಚ್ 31ರ ಬಾಕಿಯಿಂದ ಹೊಸದು ಶುರು ಮಾಡಿ, ಒಂದಷ್ಟು ವಾರ ಎರಡೂ ಕಡೆ ಬರೆದು ಖಾತೆ ಖಾತೆ ತಾಳೆ ನೋಡಿ.