ಬೆಕ್ಕಿನ ಪಾಪೆ ‘ಕಿರಿದಾಗುತ್ತದೆ’ ಎನ್ನಬಹುದೇ?

ಮಾನ್ಯರೇ,

ಬೆಕ್ಕು ಸಾಕಿದವರಿಗಾಗಿ ಕಣ್ಣಿನ ಹನಿಮದ್ದುಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದು, ಲಟಾನೊಪ್ರೋಸ್ಟ್ ಎಂಬ ಮದ್ದಿನ ವಿಷಯಕ್ಕೆ ಬಂದಾಗ ಸರಿಯಾದ ಪದ ಸಿಗದೆ ನಿಂತಿದ್ದೇನೆ. ಮನುಷ್ಯರಲ್ಲಿಯೂ ನಾಯಿಗಳಲ್ಲಿಯೂ ಕಣ್ಣಿನೊಳಗಿನ ಒತ್ತಡವನ್ನು ಇಳಿಸುವ ಈ ಮದ್ದು, ರೋಗವಿಲ್ಲದ ಬೆಕ್ಕಿನ ಕಣ್ಣಿನಲ್ಲಿ ಒತ್ತಡವನ್ನು ಇಳಿಸುವುದಿಲ್ಲ. ಆದರೆ ಪಾಪೆಯನ್ನು ಮಾತ್ರ ಎಳೆಯಷ್ಟು ತೆಳ್ಳಗೆ ಮಾಡಿಬಿಡುತ್ತದೆ. ಇದನ್ನು ನಾನು ಮೊದಲು ‘ಪಾಪೆ ಕಿರಿದಾಗುತ್ತದೆ’ ಎಂದು ಬರೆದೆ.

ಮರಳಿ ಓದಿದಾಗ ಅದು ಮನುಷ್ಯನ ಕಣ್ಣಿನ ವರ್ಣನೆಯಂತೆ ಕಂಡಿತು. ನಮ್ಮ ಪಾಪೆ ದುಂಡಗಿದ್ದು, ಎಲ್ಲ ಕಡೆಯಿಂದಲೂ ಕುಗ್ಗಿ ಚುಕ್ಕೆಯಾಗುತ್ತದೆ. ಬೆಕ್ಕಿನ ಪಾಪೆಯ ಅಗಲ ಕುಗ್ಗಿದಷ್ಟು ಉದ್ದ ಕುಗ್ಗುವುದಿಲ್ಲವಾದ್ದರಿಂದ ಕೊನೆಗೆ ಉಳಿಯುವುದು ನಿಂತ ಗೆರೆ. ‘ಸೀಳಾಗುತ್ತದೆ’ ಎಂದರೆ ಗಾಯದ ಶಂಕೆ ಹುಟ್ಟುತ್ತದೆ. ಬೆಕ್ಕಿನ ಒಡೆಯರು ಗಾಬರಿಯಾಗಿ ವೈದ್ಯರ ಬಳಿಗೆ ಓಡಿಯಾರು. ಉದ್ದ ಉಳಿದು ಅಗಲ ಮಾತ್ರ ಕಡಿಮೆಯಾಗುವುದನ್ನು ಸೂಚಿಸಲು ‘ಸಪೂರವಾಗುತ್ತದೆ’ ಎಂಬುದೇ ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಆದರೆ ಆ ಪದವನ್ನು ಮೈಕಟ್ಟಿಗೆ, ಬಳ್ಳಿಗೆ, ಹಗ್ಗಕ್ಕೆ ಬಳಸಿದ್ದನ್ನು ಕೇಳಿದ್ದೇನೆಯೇ ಹೊರತು ಕಣ್ಣಿಗೆ ಬಳಸಿದ್ದನ್ನು ಕೇಳಿಲ್ಲ.

ಇದಕ್ಕೆ ವಿರುದ್ಧವಾದ ಕ್ರಿಯೆಯಲ್ಲಿಯೂ ತೊಡಕಿದೆ. ತಪಾಸಣೆಗೆಂದು ನಮ್ಮ ಬೆಕ್ಕಿಗೆ ಪಾಪೆ ಹಿಗ್ಗಿಸುವ ಟ್ರಾಪಿಕಮೈಡ್ ಹನಿ ಹಾಕಿಸಿದ ದಿನ, ಹಳದಿ ಬಣ್ಣದ ಭಾಗವೆಲ್ಲ ಅಂಚಿಗೆ ಸರಿದು ಉಂಗುರದಷ್ಟೇ ಉಳಿದು, ನಡುವೆ ದುಂಡಗಿನ ಕಪ್ಪು ತುಂಬಿಕೊಂಡಿತ್ತು. ಅದನ್ನು ‘ಕಣ್ಣು ಅರಳಿತು’ ಎಂದು ಬರೆದರೆ ಓದುಗರು ರೆಪ್ಪೆ ತೆರೆದು ಬೆರಗಿನಿಂದ ನೋಡುತ್ತಿರುವ ಬೆಕ್ಕನ್ನು ಕಲ್ಪಿಸಿಕೊಳ್ಳುತ್ತಾರೆ, ಏಕೆಂದರೆ ‘ಕಣ್ಣರಳಿಸು’ ಎಂಬುದಕ್ಕೆ ಆ ಅರ್ಥ ಮೊದಲೇ ಗಟ್ಟಿಯಾಗಿದೆ. ‘ಪಾಪೆ ಅರಳಿತು’ ಎಂದರೆ ಈ ಗೊಂದಲ ತಪ್ಪುತ್ತದೆ. ‘ಕಣ್ಣಾಲಿ’ಯನ್ನು ಬಿಟ್ಟಿದ್ದೇನೆ, ಅದು ಕೆಲವರಿಗೆ ಪಾಪೆ, ಕೆಲವರಿಗೆ ಇಡೀ ಗುಡ್ಡೆ.

ಇನ್ನೊಂದು ಪ್ರಶ್ನೆ ಅರ್ಥಕ್ಕೆ ಸಂಬಂಧಿಸಿದ್ದು. ಲಟಾನೊಪ್ರೋಸ್ಟಿನ ವಿಷಯದಲ್ಲಿ ಹಸ್ತಪ್ರತಿ ಓದಿದ ಗೆಳೆಯರೊಬ್ಬರು ‘ಮದ್ದು ನಾಟಲಿಲ್ಲ’ ಎಂದು ತಿದ್ದಿದ್ದಾರೆ. ಕಾಯಿಲೆಯೇ ಇಲ್ಲದ ಕಣ್ಣಿನಲ್ಲಿ ಮದ್ದು ನಾಟುವುದಾದರೂ ಯಾವುದಕ್ಕೆ? ‘ನಾಟು’, ‘ಗುಣ ಕಾಣು’ ಎಂಬ ಮಾತುಗಳು ವಾಸಿಯಾಗಬೇಕಾದ ಒಂದು ರೋಗವನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತವೆ ಎಂದು ನನ್ನ ತಿಳಿವಳಿಕೆ. ಹಾಗೆಂದು ಪಾಪೆ ಸಪೂರವಾಗುವುದನ್ನು ‘ಅಡ್ಡ ಪರಿಣಾಮ’ ಎನ್ನಲೂ ಮನಸ್ಸು ಹಿಂಜರಿಯುತ್ತದೆ, ಏಕೆಂದರೆ ಇಲ್ಲಿ ಅಡ್ಡವಾಗಲು ನೇರ ಪರಿಣಾಮವೇ ಕಾಣಿಸಿಕೊಂಡಿಲ್ಲ. ಕಹಿಯಾದ ಅಟ್ರೋಪಿನ್ ಹನಿ ಕಣ್ಣೀರಿನ ನಾಳದ ಮೂಲಕ ಗಂಟಲಿಗಿಳಿದು ಬೆಕ್ಕು ನೊರೆನೊರೆಯಾಗಿ ಜೊಲ್ಲು ಸುರಿಸುವುದನ್ನಾದರೆ ಅಡ್ಡ ಪರಿಣಾಮವೆನ್ನಲು ಯಾರ ತಕರಾರೂ ಇರಲಾರದು. ಟ್ರಾಪಿಕಮೈಡನ್ನು ಒಂದು ಕಣ್ಣಿಗೆ ಹಾಕಿದಾಗ, ಹಾಕದಿರುವ ಇನ್ನೊಂದು ಕಣ್ಣಿನ ಒತ್ತಡವೂ ಏರಬಹುದು. ಅದನ್ನೂ ಅಡ್ಡ ಪರಿಣಾಮಗಳ ಸಾಲಿಗೇ ಸೇರಿಸಿದ್ದೇನೆ. ಲಟಾನೊಪ್ರೋಸ್ಟಿನ ವಾಕ್ಯದಲ್ಲಿ ಸದ್ಯಕ್ಕೆ ಬರಿಯ ‘ಪರಿಣಾಮ’ ಎಂದಿಟ್ಟಿದ್ದೇನೆ.

‘ಸಪೂರ’ವನ್ನು ಪಾಪೆಗೆ ಬಳಸಿದ್ದನ್ನು ಕೇಳಿದವರಿದ್ದರೆ ಅಥವಾ ಬೆಕ್ಕಿನ ಕಣ್ಣಿನ ಈ ಗೆರೆಗೆ ನಿಮ್ಮ ಮನೆಮಾತಿನಲ್ಲಿ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.