127.0.0.1 ಯಾರು ಅಂತ ಕೇಳಿದರೆ ಡಿಎನ್‌ಎಸ್ ಸರ್ವರ್ ಉದ್ದನೆಯ ತಪ್ಪು ಹೆಸರು ಹೇಳುತ್ತಿದೆ

ಲ್ಯಾಬ್‌ಮೇಷ್ಟ್ರು:
ನಾನು ಒಂದು ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹುಡುಗರು ಡಿಎನ್‌ಎಸ್ (ಹೆಸರಿಗೂ ಐಪಿ ವಿಳಾಸಕ್ಕೂ ನಂಟು ಹೇಳುವ ವ್ಯವಸ್ಥೆ) ಅನ್ನು ಕೈಯಾರೆ ಮಾಡಿ ಕಲಿಯಲಿ ಅಂತ ಎರಡು ಹಳೇ ಮಷಿನ್‌ಗೆ ಡೆಬಿಯನ್ ಲಿನಕ್ಸ್ ಹಾಕಿ ಬೈಂಡ್ 9 ಅನ್ನುವ ಡಿಎನ್‌ಎಸ್ ಸರ್ವರ್ ಕೂರಿಸಿದ್ದೇನೆ. ಒಂದು ಪ್ರೈಮರಿ (ಮೂಲ ಫೈಲ್ ಇರುವುದು), ಇನ್ನೊಂದು ಸೆಕೆಂಡರಿ (ಅದರಿಂದ ನಕಲು ಪಡೆಯುವುದು).

ಲೂಪ್‌ಬ್ಯಾಕ್‌ಗಾಗಿ (127.0.0.1, ಅಂದರೆ ಮಷಿನ್ ತನ್ನನ್ನೇ ಕರೆಯುವ ವಿಳಾಸ) ನಾನೇ 0.0.127.ಇನ್-ಆಡ್ರ್.ಅರ್ಪಾ ಅಂತ ಒಂದು ಝೋನ್ (ರೆಕಾರ್ಡ್‌ಗಳ ಪಟ್ಟಿ; ಇದರ ಹೆಸರಲ್ಲಿ ವಿಳಾಸದ ಅಂಕಿಗಳು ಹಿಂದುಮುಂದಾಗಿರುತ್ತವೆ) ಬರೆದೆ. ಒಳಗಿರುವ ಸಾಲು ಇದು (ಪಿಟಿಆರ್ ಅಂದರೆ ವಿಳಾಸದಿಂದ ಹೆಸರು ಹೇಳುವ ರೆಕಾರ್ಡ್):

1 ಇನ್ ಪಿಟಿಆರ್ ಲೋಕಲ್‌ಹೋಸ್ಟ್

ಡಿಗ್‌ನಲ್ಲಿ (ಡಿಎನ್‌ಎಸ್ ಸರ್ವರ್‌ಗೆ ಪ್ರಶ್ನೆ ಕೇಳುವ ಕಮಾಂಡ್) 127.0.0.1 ಕೇಳಿದರೆ "ಲೋಕಲ್‌ಹೋಸ್ಟ್.0.0.127.ಇನ್-ಆಡ್ರ್.ಅರ್ಪಾ." ಅಂತ ಬರುತ್ತದೆ. ಝೋನ್ ಫೈಲ್ ಪರೀಕ್ಷಿಸುವ ನೇಮ್ಡ್-ಚೆಕ್‌ಝೋನ್ ಮಾತ್ರ "ಓಕೆ" ಅನ್ನುತ್ತದೆ. ಎರಡು ಸಂಜೆ ಇದರಲ್ಲೇ ಹೋಯಿತು. ಸೋಮವಾರ ಪ್ರಾಕ್ಟಿಕಲ್ ಇದೆ, ಹುಡುಗರಿಗೆ ತಪ್ಪು ಹೇಳಿಕೊಡಲು ನನಗೆ ಮನಸ್ಸಿಲ್ಲ.

ಇನ್ನೊಂದು ಮಾತು. ನಮ್ಮ ಸ್ವಂತ ಡೊಮೇನ್‌ನ ಝೋನ್‌ನಲ್ಲೂ ಲೋಕಲ್‌ಹೋಸ್ಟ್‌ಗೆ 127.0.0.1 ಅಂತ ಒಂದು ಎ ರೆಕಾರ್ಡ್ (ಹೆಸರಿನಿಂದ ವಿಳಾಸ ಹೇಳುವ ಸಾಲು) ಹಾಕಿದ್ದೇನೆ. ಅದು ಬೇಕಾ?

ಹಳೇಸರ್ವರ್:
ಸಾಲಿನ ಕೊನೆಯಲ್ಲಿ ಚುಕ್ಕೆ ಇಲ್ಲ, ಅಷ್ಟೇ. ಚುಕ್ಕೆ ಇಲ್ಲದ ಹೆಸರಿಗೆಲ್ಲ ಬೈಂಡ್ ಆ ಝೋನ್‌ನ ಹೆಸರನ್ನು ಬಾಲದ ಹಾಗೆ ಅಂಟಿಸುತ್ತದೆ. "ಲೋಕಲ್‌ಹೋಸ್ಟ್." ಅಂತ ಚುಕ್ಕೆ ಇಟ್ಟು ಬರೆಯಿರಿ. ವ್ಯಾಕರಣದ ಪ್ರಕಾರ ನಿಮ್ಮ ಸಾಲು ಸರಿಯೇ ಇದೆ, ಅದಕ್ಕೇ ಚೆಕ್‌ಝೋನ್ ತಕರಾರು ಮಾಡಲಿಲ್ಲ. ಅದಕ್ಕೆ ಮೈನಸ್ ದೊಡ್ಡಕ್ಷರದ ಡಿ ಕೊಟ್ಟು ನೋಡಿ. ಪ್ರತಿ ಹೆಸರನ್ನೂ ಪೂರ್ತಿ ಬಿಡಿಸಿ ಪರದೆ ಮೇಲೆ ತೋರಿಸುತ್ತದೆ, ಬಾಲ ತಕ್ಷಣ ಕಣ್ಣಿಗೆ ಬೀಳುತ್ತದೆ.

ಡೊಮೇನ್ ಒಳಗಿನ ಆ ಎ ರೆಕಾರ್ಡ್ ಇವತ್ತೇ ತೆಗೆಯಿರಿ. ಹಿಂದೆ ಜಾಸ್ತಿ ಜನ ಹಾಗೆ ಹಾಕುತ್ತಿದ್ದರು. ಅದರ ಅಪಾಯವನ್ನು 2008ರಲ್ಲಿ ಭದ್ರತಾ ಸಂಶೋಧಕ ಟ್ಯಾವಿಸ್ ಆರ್ಮಂಡಿ ಬಿಡಿಸಿ ಹೇಳಿದರು. ನಿಮ್ಮ ಡೊಮೇನ್‌ಗೆಲ್ಲ ಕೊಟ್ಟ ಕುಕಿಯನ್ನು (ಲಾಗಿನ್ ನೆನಪಿಡುವಂಥ ಗುರುತು) ಬ್ರೌಸರ್ ಆ ಲೋಕಲ್‌ಹೋಸ್ಟ್ ಹೆಸರಿಗೂ ಕಳಿಸುತ್ತದೆ. ಹಲವರು ಒಂದೇ ಮಷಿನ್‌ಗೆ ಲಾಗಿನ್ ಆಗುವ ಲ್ಯಾಬ್‌ನಲ್ಲಿ, ಅದೇ ಮಷಿನ್‌ನಲ್ಲಿ ಒಂದು ಪೋರ್ಟ್ ತೆರೆದು ಕೂತವನಿಗೆ ಅದು ಸಿಕ್ಕಿಬಿಡಬಹುದು.

ಲ್ಯಾಬ್‌ಮೇಷ್ಟ್ರು:
ಚುಕ್ಕೆ ಇಟ್ಟು ರೀಲೋಡ್ ಮಾಡಿದೆ, ಪ್ರೈಮರಿ ಸರಿಯಾಯಿತು! ಆದರೆ ಸೆಕೆಂಡರಿ ಇನ್ನೂ ಹಳೇ ಉತ್ತರವನ್ನೇ ಕೊಡುತ್ತಿದೆ. ಯಾಕೆ?

ಮಲೆನಾಡ್‌ನೆಟ್:
ಝೋನ್ ಫೈಲ್‌ನ ಸೀರಿಯಲ್ ನಂಬರ್ (ಆವೃತ್ತಿ ಸಂಖ್ಯೆ) ಏರಿಸಿಲ್ಲ ಅಲ್ವಾ? ಅದು ಏರದಿದ್ದರೆ ಝೋನ್ ಬದಲಾಗಿದೆ ಅಂತ ಸೆಕೆಂಡರಿಗೆ ಗೊತ್ತೇ ಆಗುವುದಿಲ್ಲ.

ಆದರೆ ಈ ಝೋನನ್ನು ಟ್ರಾನ್ಸ್‌ಫರ್ ಮಾಡುವುದೇ ಬೇಡ. 127.0.0.1 ಅಂದರೆ ಪ್ರತಿ ಮಷಿನ್‌ಗೂ "ನಾನೇ". ಅದನ್ನು ಪಕ್ಕದ ಮನೆಯಿಂದ ಕೇಳಿ ತಿಳಿಯಬೇಕಾಗಿಲ್ಲ. ಪ್ರತಿ ಸರ್ವರ್ ತನ್ನ ಲೂಪ್‌ಬ್ಯಾಕ್‌ಗೆ ತಾನೇ ಪ್ರೈಮರಿ ಆಗಿರಲಿ.

ಡೆಬಿಯನ್‌ನಲ್ಲಿ ಇದು ಮೊದಲೇ ಸಿದ್ಧವಾಗಿ ಬರುತ್ತದೆ. ಬೈಂಡ್ ಫೋಲ್ಡರ್‌ನ ಡಿಫಾಲ್ಟ್-ಝೋನ್ಸ್ ಫೈಲ್ ತೆರೆಯಿರಿ, 127.ಇನ್-ಆಡ್ರ್.ಅರ್ಪಾ ಅಲ್ಲೇ ಇದೆ. ನೀವು 0.0.127 ಅಂತ ಇನ್ನೂ ನಿಖರವಾಗಿ ಬರೆದ ಕಾರಣ ನಿಮ್ಮದೇ ಮೇಲಾಯಿತು. ಎರಡೂ ಮಷಿನ್‌ನಿಂದ ನಿಮ್ಮ ಝೋನ್ ತೆಗೆದುಬಿಡಿ.

ಹಳೇಸರ್ವರ್:
ಇದು ಸರಿ. ನಾನು ಡಿಫಾಲ್ಟ್ ಫೈಲ್ ಬಗ್ಗೆ ಮೊದಲೇ ಹೇಳಬೇಕಿತ್ತು. ಮಷಿನ್‌ನಲ್ಲೇ ಹೆಸರು-ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲ್ ಇದ್ದಮೇಲೆ ಇದೆಲ್ಲ ಯಾಕೆ ಅಂತ ಹುಡುಗರು ಕೇಳಿಯೇ ಕೇಳುತ್ತಾರೆ. ಎಲ್ಲ ಪ್ರೋಗ್ರಾಂಗಳೂ ಹೋಸ್ಟ್ಸ್ ಫೈಲ್ ನೋಡುವುದಿಲ್ಲ ಅನ್ನಿ. ಡಿಗ್ ಕೂಡ ನೇರ ಸರ್ವರ್‌ಗೇ ಹೋಗುತ್ತದೆ. ಸರ್ವರ್ ತಾನೇ ಉತ್ತರ ಕೊಡದಿದ್ದರೆ ಇಂಥ ಪ್ರಶ್ನೆ ಸುಮ್ನೆ ಹೊರಗಿನ ಇಂಟರ್ನೆಟ್ ತನಕ ಹೋಗುತ್ತದೆ. ಇಂಥ ಝೋನ್‌ಗಳನ್ನು ರಿಸಾಲ್ವರ್ (ನಮ್ಮ ಪರವಾಗಿ ಉತ್ತರ ಹುಡುಕುವ ಸರ್ವರ್) ತನ್ನಲ್ಲೇ ಇಟ್ಟುಕೊಳ್ಳಬೇಕು ಅಂತ 2011ರ ಇಂಟರ್ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 6303 ಹೇಳುತ್ತದೆ.

ಲ್ಯಾಬ್‌ಮೇಷ್ಟ್ರು:
ನನ್ನ ಝೋನನ್ನೂ ಆ ಎ ರೆಕಾರ್ಡನ್ನೂ ತೆಗೆದೆ. ಈಗ ಎರಡೂ ಸರ್ವರ್ "ಲೋಕಲ್‌ಹೋಸ್ಟ್." ಅನ್ನುತ್ತಿವೆ. ಇಬ್ಬರಿಗೂ ತುಂಬಾ ಧನ್ಯವಾದ. ಸೋಮವಾರ ಚುಕ್ಕೆ ಇಲ್ಲದ ಫೈಲನ್ನೇ ಹುಡುಗರ ಕೈಗೆ ಕೊಟ್ಟು, ತಪ್ಪು ಅವರೇ ಹುಡುಕಲಿ ಅಂತ ಬಿಡುತ್ತೇನೆ. ಅದಾದ ಮೇಲೆ 127.0.0.2 ಕೇಳಿಸುತ್ತೇನೆ. ಈಗಷ್ಟೇ ಮಾಡಿ ನೋಡಿದೆ: ಪಿಂಗ್‌ಗೆ ಉತ್ತರ ಬರುತ್ತದೆ, ಡಿಗ್ ಮಾತ್ರ ಅಂಥ ಹೆಸರೇ ಇಲ್ಲ ಅನ್ನುತ್ತದೆ.